ವಿಕೆಟ್ ಬಿದ್ದಾಗ ನಾನೆಲ್ಲಿದ್ದೆ?

ಶವದ ಪಕ್ಕ ನಿಂತವರೆಲ್ಲ ಕೊಲೆಗಾರರಲ್ಲ. ಪೊಲೀಸ್ ಸೀರಿಯಲ್ ನೋಡುವ ಯಾವ ಮಗುವನ್ನು ಕೇಳಿದರೂ ಇದನ್ನು ಹೇಳುತ್ತದೆ. ಆದರೆ ಹುಣಸಮಾರನಹಳ್ಳಿಯ ನನ್ನ ಗಂಡನ ಮನೆಯಲ್ಲಿ ಪೊಲೀಸ್ ಸೀರಿಯಲ್ ನೋಡುವವಳು ನಾನೊಬ್ಬಳೇ. ಉಳಿದವರೆಲ್ಲ ಕ್ರಿಕೆಟ್ ನೋಡುತ್ತಾರೆ. ನೋಡುತ್ತಾರೆ ಅಂದರೆ ತಪ್ಪು, ಸೋಫಾದ ಮೇಲೆ ಕೂತು ಆಡಿಸುತ್ತಾರೆ.

ಮದುವೆಯಾಗಿ ಬಂದ ಹೊಸದರಲ್ಲಿ ನನಗಿದು ಗೊತ್ತಿರಲಿಲ್ಲ. ವಿದ್ಯಾರಣ್ಯಪುರದ ನನ್ನ ತವರಿನಲ್ಲಿ ಬ್ಯಾಟು ಅಂದರೆ ಸೊಳ್ಳೆ ಹೊಡೆಯುವುದು. ಇಲ್ಲಿ ಮೊದಲ ಬೌಂಡರಿ ಹೋದಾಗ ಯಾರು ಹೇಗಿದ್ದರೋ ಆಟ ಮುಗಿಯುವವರೆಗೆ ಹಾಗೇ ಇರಬೇಕು. ಮಾವ ನರಸಿಂಹಯ್ಯನವರು ಒಂದು ಕಾಲು ಮಡಚಿ, ನನ್ನ ಗಂಡ ಮಹೇಂದ್ರ ತಲೆ ಮೇಲೆ ದಿಂಬು ಹೊತ್ತು. ಮಾವನ ತಮ್ಮ ಆಂಜಿನಪ್ಪನವರು ಚಿಕ್ಕಜಾಲದಿಂದ ಬಂದು ಚಪ್ಪಲಿ ಬಿಡುತ್ತಿರುವಾಗ ಒಮ್ಮೆ ಸಿಕ್ಸರ್ ಹೋಯಿತೆಂದು, ಇಡೀ ಮ್ಯಾಚು ಬಾಗಿಲಲ್ಲೇ ಒಂಟಿ ಚಪ್ಪಲಿಯಲ್ಲಿ ನಿಂತಿದ್ದರು. (ಎರಡು ಬಡಾವಣೆ ಕಟ್ಟಿಸಿ ಮಾರಿದ ಮನುಷ್ಯ!)

ಮೊದಮೊದಲು ನಾನೂ ಹಾಲಿನಲ್ಲೇ ಕೂರುತ್ತಿದ್ದೆ. ಹೊತ್ತು ಹೋಗದೆ ಆಗಾಗ, "ಈ ನೀಲಿ ಬಟ್ಟೆಯವ್ರು ನಮ್ಮೋರಾ ಮಾವ?" ಅನ್ನುತ್ತಿದ್ದೆ. (ನಮ್ಮವರದು ಕೆಂಪು.) ಆಮೇಲೆ ಆ ದುರ್ದಿನ ಬಂತು. ಬಿಸಿ ಬಜ್ಜಿಯ ತಟ್ಟೆ ಹಿಡಿದು ಅಡುಗೆಮನೆಯಿಂದ ಹಾಲಿಗೆ ಕಾಲಿಟ್ಟೆ. ನಮ್ಮ ತಂಡದ ಕ್ಯಾಪ್ಟನ್ ಔಟಾದ.

"ಈಗ ಬಜ್ಜಿ ಯಾರವ್ವ ಕೇಳಿದ್ದು?" ಎಂದರು ಮಾವ. ಕೇಳಿದ್ದು ಅವರೇ.

"ಅಲ್ಲ ಕಣೋ, ಬೌಲಿಂಗ್ ಮಾಡಿದ್ದು ನಾನಾ?" ಎಂದು ಮಹೇಂದ್ರನ ಕಿವಿಯಲ್ಲಿ ಕೇಳಿದೆ.

"ಸುಮ್ನಿರೇ. ನೀನ್ ಬರೋವರ್ಗೂ ಚೆನ್ನಾಗೇ ಆಡ್ತಿದ್ದ."

ವಿಚಾರಣೆ ಮುಗಿಯಿತು. ಮ್ಯಾಚಿದ್ದಾಗಲೆಲ್ಲ ನನಗೆ ನಮ್ಮ ರೂಮಿನಲ್ಲಿ ಸೆರೆವಾಸ. ನಾನು ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ನನ್ನ ಇನ್ಸ್‌ಪೆಕ್ಟರ್ ಮೇಡಂನ ನೋಡುತ್ತಿದ್ದೆ. ಅತ್ತೆ ಗೌರಮ್ಮನವರು ಕಾಫಿಯನ್ನು ಹೊಸ್ತಿಲಿಗೇ ತಂದು ಕೊಡುತ್ತಿದ್ದರು.

ಇಷ್ಟಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆದರೆ ಆಂಜಿನಪ್ಪನವರ ಹೊಸ ಮನೆಯ ಗೃಹಪ್ರವೇಶದಲ್ಲಿ ಮುಖಪರಿಚಯವೂ ಇಲ್ಲದ ಹೆಂಗಸೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓ, ವಿಕೆಟ್ ಸೊಸೆ ಇವ್ಳೇಯಾ?" ಎಂದರು. ಮರುದಿನ ಪರೀಕ್ಷೆಯಿದ್ದ ತಮ್ಮ ಮಗನನ್ನು ನನ್ನ ಎದುರಿನಿಂದ ಕೈಹಿಡಿದು ಎಳೆದುಕೊಂಡು ಹೋದರು.

ಅಲ್ಲಿಯೇ, ಹೋಳಿಗೆ ಎಲೆಯ ಮುಂದೆ, ಶಪಥ ಮಾಡಿದೆ. ಈ ಕಳಂಕ ತೊಳೆಯದೆ ಬಿಡುವವಳಲ್ಲ ನಾನು. ಗಾಳಿಯಲ್ಲಿ ಸುದ್ದಿ ಹಬ್ಬಿದೆಯೇ? ಸಾಕ್ಷಿಯೂ ಗಾಳಿಯಲ್ಲೇ ಇರುತ್ತದೆ ಎನ್ನುತ್ತಾರೆ ನಮ್ಮ ಮೇಡಂ.

ಇತ್ತು. ನಮ್ಮ ಮಾವ ವಿಕೆಟ್ ಬಿದ್ದರೂ ಸಿಕ್ಸರ್ ಹೋದರೂ ಕುಟುಂಬದ ಗ್ರೂಪಿಗೆ ತಕ್ಷಣ ವಾಯ್ಸ್ ನೋಟ್ ಹಾಕುತ್ತಾರೆ. (ಟೈಪ್ ಮಾಡಲು ಕೂತರೆ ಅಷ್ಟರಲ್ಲಿ ಇನ್ನೊಂದು ಬಿದ್ದಿರುತ್ತದೆ.) ಎಲ್ಲರೂ ಅದರಲ್ಲಿ ಮಾವನ ಕೂಗು ಕೇಳುತ್ತಾರೆ. ನಾನು ಹೆಡ್‌ಫೋನ್ ಹಾಕಿ, ಕೂಗಿನ ಹಿಂದೆ ಏನಿದೆ ಎಂದು ಕೇಳಿದೆ. ಇಡೀ ಸೀಸನ್ನಿನ ಅಷ್ಟೂ ನೋಟುಗಳನ್ನು ಕೇಳಿ ಮುಗಿಸಿದಾಗ ನನ್ನ ಮುಖದಲ್ಲಿ ಮೇಡಂನದೇ ನಗು ಬಂದಿತ್ತು.

ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಹಾಲಿನಲ್ಲಿ ಕೂರಿಸಿದೆ. ಸಂಜೆ ಮ್ಯಾಚಿತ್ತು, ಆಂಜಿನಪ್ಪನವರೂ ಬಂದಿದ್ದರು. ಕೈ ಹಿಂದೆ ಕಟ್ಟಿ ಶತಪಥ ಹಾಕಿದೆ.

"ಇವಳಿಗೆ ಏನಾಗಿದೆ?" ಎಂದ ಮಹೇಂದ್ರ.

"ಮಾತು ಬೇಡ. ಇದನ್ನ ಕೇಳಿ." ಸ್ಪೀಕರಿನಲ್ಲಿ ಮೊದಲ ನೋಟ್ ಹಾಕಿದೆ. ಮಾವನ ಆಕ್ರಂದನ: "ಅಯ್ಯಯ್ಯೋ, ಓಯ್ತಲ್ಲೋ!"

"ಹಿಂದ್ಗಡೆ ಏನ್ ಕೇಳಿಸ್ತು?"

"ಸೈರನ್ನು," ಎಂದರು ಅತ್ತೆ.

"ನನ್ನ ಸೀರಿಯಲ್ಲಿನ ಪೊಲೀಸ್ ಜೀಪಿನ ಸೈರನ್. ಅಂದ್ರೆ ನಾನೆಲ್ಲಿದ್ದೆ? ರೂಮಲ್ಲಿ!" ಇನ್ನೊಂದು ವಿಕೆಟ್, ಮತ್ತೆ ಸೈರನ್. ಮತ್ತೊಂದು, ಮತ್ತೆ ಸೈರನ್. ಆಮೇಲೆ ಸೀಸನ್ನಿನ ಮೊದಲ ವಾರಗಳ ನೋಟು ಹಾಕಿದೆ. "ಸಿಕ್ಸು! ಸಿಕ್ಸು ಕಣ್ರಪ್ಪೋ!" ಅದರ ಹಿಂದೆ ಸಣ್ಣಗೆ ನನ್ನ ದನಿ: "ಈ ನೀಲಿ ಬಟ್ಟೆಯವ್ರು ನಮ್ಮೋರಾ ಮಾವ?" ಇನ್ನೊಂದು ಸಿಕ್ಸರ್, ಅದರ ಹಿಂದೆಯೂ ಅದೇ ಪ್ರಶ್ನೆ.

"ನಾನು ಹಾಲಲ್ಲಿದ್ದಾಗ ಸಿಕ್ಸು. ಇಲ್ದೇ ಇದ್ದಾಗ ವಿಕೆಟ್ಟು. ಈಗ ಹೇಳಿ, ಅಪರಾಧಿ ನಾನಾ?"

ಮಾವನ ಕಣ್ಣು ತುಂಬಿತು. "ತಪ್ಪಾಯ್ತು ಕಣವ್ವ. ಲಕ್ಷ್ಮೀನ ಒಳಗ್ ಕೂಡಾಕ್ಬುಟ್ಟಿದ್ದೋ."

ಆಹಾ! ಆ ಗಳಿಗೆಯಲ್ಲಿ ನನ್ನ ಹಿಂದೆ ಸಂಗೀತವೊಂದಿರಲಿಲ್ಲ, ಅಷ್ಟೇ.

ಆಗ ಆಂಜಿನಪ್ಪನವರು ತೊಡೆ ತಟ್ಟಿದರು. "ಅಂಗಾದ್ರೆ ಆ ಪೊಲೀಸ್ ಗಾಡೀನೇ ಅಲ್ವೇನ್ಲಾ ಇಷ್ಟ್ ದಿನ ನಮ್ ವಿಕೆಟ್ ಎತ್ತಾಕ್ಕಂಡ್ ಓಯ್ತಿದ್ದಿದ್ದು!"

"ಹೌದಲ್ವಾ ಚಿಕ್ಕಪ್ಪಾ!" ಮಹೇಂದ್ರ ಎದ್ದೇಬಿಟ್ಟ. "ಆ ಸೈರನ್ ಬಂದ್ ಮಾಡ್ಸಿ, ಇವಳನ್ನ ಇಲ್ಲೇ ಕೂರಿಸಿದ್ರೆ..."

"ಒಂದ್ ನಿಮಿಷ," ಎಂದೆ. "ನಾನು ಹೇಳ್ತಿರೋದು ಇದೆಲ್ಲ ಮೂಢನಂಬಿಕೆ ಅಂತ..."

"ನೀನೇ ಅಲ್ವೇನವ್ವ ಸಾಕ್ಷಿ ಕೊಟ್ಟಿದ್ದು?" ಎಂದರು ಮಾವ.

ನನ್ನ ತನಿಖೆಯಲ್ಲಿ ಒಂದೇ ಒಂದು ಲೋಪವಿರಲಿಲ್ಲ. ಅದೇ ಎಡವಟ್ಟಾಗಿದ್ದು.

ಅಂದು ಸಂಜೆಯೇ ನನ್ನ ಸೀರಿಯಲ್ಲಿನ ಕೊನೆಯ ಕಂತು. ಕಲ್ಯಾಣ ಮಂಟಪದ ಮಾಲೀಕನನ್ನು ಕೊಂದವರು ಯಾರೆಂದು ಬಯಲಾಗುವ ದಿನ. ನಾನು ಮಾತ್ರ ಹಾಲಿನ ದಿವಾನದ ಮೇಲೆ ಪ್ರತಿಷ್ಠಾಪಿತಳಾಗಿದ್ದೆ. ಮೊದಲ ಬೌಂಡರಿ ಹೋದಾಗ ಬೆನ್ನು ಕೆರೆಯುತ್ತಿದ್ದೆನಾದ್ದರಿಂದ ಕೈ ಅಲ್ಲೇ ಉಳಿದಿತ್ತು.

"ಕೇಳವ್ವ, ಓವರ್ ಶುರುವಾಯ್ತು!"

"ಈ ನೀಲಿ ಬಟ್ಟೆಯವ್ರು ನಮ್ಮೋರಾ ಮಾವ?"

"ಅಲ್ಲಾ!" ಎಂದು ಮನೆಯೆಲ್ಲ ಒಕ್ಕೊರಲಿನಿಂದ ಕೂಗಿತು. ಚೆಂಡು ಗ್ಯಾಲರಿಗೆ ಹೋಯಿತು.

"ಬಾತ್‌ರೂಮಿಗೆ ಹೋಗಿ ಬರ್ತೀನಿ."

"ನಾಲ್ಕೇ ಓವರ್ ಕಣೇ, ತಡ್ಕೋ," ಎಂದ ದಿಂಬಿನಡಿಯಿಂದ ಮಹೇಂದ್ರ.

ಆಗ ಜ್ಞಾನೋದಯವಾಯಿತು. ತಣ್ಣನೆ ರೂಮು, ಮುಚ್ಚಿದ ಬಾಗಿಲು, ಹೊಸ್ತಿಲಿಗೆ ಬರುವ ಕಾಫಿ, ಇಡೀ ಸಂಜೆ ನಾನು ಮತ್ತು ಮೇಡಂ. ಅದು ಸೆರೆವಾಸವಾಗಿತ್ತೇ? ಹೊಸ ಸೊಸೆಯರು ಹರಕೆ ಹೊತ್ತರೂ ಸಿಗದ ಸ್ವರ್ಗ. ಅದರಿಂದ ನಾನೇ ಹೋರಾಡಿ ಬಿಡುಗಡೆ ಪಡೆದಿದ್ದೆ.

ಆಟ ಕೊನೆಯ ಓವರುಗಳಿಗೆ ಬಂದಿತ್ತು. ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೊರಟ ಮೇಲೆ ಕೊನೆಯ ಕಂತು ನೋಡಿಕೊಂಡರಾಯಿತು, ಅಷ್ಟರವರೆಗೆ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಬಾರದು ಎಂದು ನಿಶ್ಚಯಿಸಿದೆ. ಅಷ್ಟರಲ್ಲಿ ನಮ್ಮ ರೂಮಿನ ಬಾಗಿಲು ತೆರೆಯಿತು. ನನ್ನ ಹೆಡ್‌ಫೋನ್ ಕೊರಳಿಗೆ ಹಾಕಿಕೊಂಡು ಅತ್ತೆ ಹೊರಬಂದರು. ಮುಖದ ತುಂಬ ಕರುಣೆ.

"ನಿನ್ಗೆ ಬೇಜಾರಾಗ್ಬಾರ್ದು ಅಂತ ನಿನ್ ಪರ್ವಾಗಿ ನಾನೇ ಪೂರ್ತಿ ನೋಡ್ದೆ ಕಣಮ್ಮ," ಎಂದರು. "ಕೊಂದಿದ್ದು ಆ ವಾಲಗ ಊದೋನೇ!"

ಟಿವಿಯಲ್ಲಿ ಸಿಕ್ಸರ್ ಸಿಡಿಯಿತು.

ಮಾವ ಮಡಚಿದ ಕಾಲಿನಲ್ಲೇ ಕುಪ್ಪಳಿಸಿ ಕೂಗಿದರು: "ಗೌರೀ, ಅಲ್ಲೇ ನಿಂತ್ಕ, ಅಳ್ಳಾಡ್‌ಬ್ಯಾಡ! ಯಾರು ಕೊಂದಿದ್ದು, ಇನ್ನೊಂದ್ ಕಿತ ಅನ್ನು!"