ತೋಪೆಂದು ತಂದ ಜಾಕು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಧೈರ್ಯ ಹತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಉಳಿಯುವುದಿಲ್ಲ. ನಲವತ್ತು ಹುಡುಗರು ಬಾಯಿ ತೆರೆದು ಕೂತಿರುವಾಗ ಏನಾದರೊಂದು ಹೇಳಲೇಬೇಕು. ಹೇಳಿ ಹೇಳಿ ಕೊನೆಗೆ ಅದು ನಮಗೇ ಖರೆ ಅನ್ನಿಸತೊಡಗುತ್ತದೆ. ನಾನು ಬನಹಟ್ಟಿಯ ಸಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದವನು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸತರಲ್ಲಿ ಜಮಖಂಡಿಯಲ್ಲಿ ಹಳೆಯ ಸಾಮಾನುಗಳ ಲಿಲಾವು ನಡೆಯಿತು. ಉಳಿದವರೆಲ್ಲ ಕುರ್ಚಿ, ಕಪಾಟು, ಗಡಿಯಾರಗಳಿಗೆ ಬೆಲೆ ಕೂಗುತ್ತಿದ್ದರೆ ನನ್ನ ಕಣ್ಣು ಮೂಲೆಯಲ್ಲಿದ್ದ ಕಬ್ಬಿಣದ ಸಾಮಾನೊಂದರ ಮೇಲೆ ಬಿತ್ತು. ನಾಲ್ಕು ಗಿಡ್ಡ ಗಾಲಿ, ಮಣಭಾರದ ಮೈ, ಹಿಂದೆ ಉದ್ದನೆಯ ಹಿಡಿಕೆ, ಮುಂದೆ ತಲೆಯ ಮೇಲೊಂದು ತಟ್ಟೆ. ಗುಂಡು ಹಾರಿಸುವ ತೋಪಿನ ಗಾಡಿ! ಮೇಲಿನ ತೋಪು ಎಲ್ಲೋ ಕಳೆದಿದೆ, ಅಷ್ಟೇ. ಅದನ್ನೇ ಕೊಂಡು, ಎತ್ತಿನ ಬಂಡಿಯಲ್ಲಿ ಹೇರಿಸಿ ಮನೆಗೆ ತಂದೆ. ಮರುದಿನವೇ ಹುಡುಗರಿಗೆ ಅದರ ಮೇಲೆ ಒಂದು ಪಾಠ ಬರೆಸಿಯೂಬಿಟ್ಟೆ.

ನಮ್ಮ ಮನೆಯ ನಿಜವಾದ ತೊಂದರೆ ಬೇರೆಯೇ ಇತ್ತು. ಅಡಿಗೆಮನೆಯ ಬಾಗಿಲ ಪಕ್ಕದ ಕಂಬ ಕುಸಿದು, ಮಾಳಿಗೆಯ ತೊಲೆ ಚೌಕಟ್ಟಿನ ಮೇಲೆಯೇ ಕೂತುಬಿಟ್ಟಿತ್ತು. ಬಾಗಿಲು ಮುಚ್ಚುತ್ತಿರಲಿಲ್ಲ. ಬೆಕ್ಕು ಹಾಲು ಕುಡಿಯುತ್ತಿತ್ತು. ಡಬ್ಬಿಯೊಳಗಿನ ಶೇಂಗಾ ಉಂಡಿಗಳೂ ದಿನದಿನಕ್ಕೆ ಕಡಿಮೆಯಾಗುತ್ತಿದ್ದವು. ಆ ಅಪವಾದವೂ ಬೆಕ್ಕಿನ ತಲೆಗೇ ಬರುತ್ತಿತ್ತು. ಬಡಿಗ ಬಂದು ನೋಡಿ, ಇಡೀ ಮಾಳಿಗೆ ಬಿಚ್ಚದೆ ಗತಿಯಿಲ್ಲ ಎಂದು ಹೇಳಿ ಹೋಗಿದ್ದ.

"ಬಾಗಲಾ ಮುಚ್ಚೂದಿಲ್ಲ, ತೋಪ್ ತಂದಾರ ತೋಪ! ಬೆಕ್ಕಿಗೆ ಗುಂಡ್ ಹಾರಸ್ತೀರೇನು?" ಎಂದಳು ನನ್ನ ಹೆಂಡತಿ ನೀಲವ್ವ. ಆಯುಧಗಳನ್ನೆಲ್ಲ ಪೂಜಿಸುವ ಖಂಡೇಪೂಜೆಗೆ ಇನ್ನು ಹದಿನೈದು ದಿನ ಇತ್ತು. "ಅಷ್ಟರಾಗ ಇದು ಏನಾರ ಒಂದ್ ಕೆಲಸಾ ಮಾಡಿ ತೋರಸ್ಬೇಕು. ಇಲ್ಲಾಂದ್ರ ಎಮ್ಮಿ ಕಟ್ಟಾಕ ಗೂಟ ಆಗತೈತಿ, ನೋಡ್ರಿ ಮತ್ತ!"

ನನ್ನ ಮಾನದ ಪ್ರಶ್ನೆ ಬಂತು. ತುಕ್ಕು ಬಿಡಲಿ ಎಂದು ಅದರ ಮೈಮೇಲಿದ್ದ ತೂತಿನಲ್ಲಿ ಧಾರಾಳವಾಗಿ ಕುಸುಬಿ ಎಣ್ಣೆ ಸುರಿದೆ. ಮೊದಲು ಅಷ್ಟಿಷ್ಟು ಅಲುಗಾಡುತ್ತಿದ್ದ ಹಿಡಿಕೆ ವಾರದೊಳಗೆ ಪೂರ್ತಿ ಹಿಡಿದುಕೊಂಡಿತು. ಆಗ ಬಂದವನು ಯಲ್ಲಪ್ಪ. ಕಪಿಲೆ ಬಾವಿಗಳಿಗೆ ನೀರೆತ್ತುವ ಚರ್ಮದ ಚೀಲ ಹೊಲಿಯುವವನು. ಪಕ್ಕದ ತೋಟಕ್ಕೆ ಬಂದಿದ್ದವನು ನಮ್ಮ ಅಂಗಳಕ್ಕೂ ಇಣುಕಿದ. ನನ್ನ ತೋಪನ್ನು ನೋಡಿದವನೇ ಕುಕ್ಕರಗಾಲಲ್ಲಿ ಕೂತು ನಕ್ಕ ನಗೆ ಇನ್ನೂ ಕಿವಿಯಲ್ಲಿದೆ.

"ತೋಪಲ್ರೀ ಮಾಸ್ತರ್ರ, ಜಾಕು! ಮೋಟಾರ್ ಗಾಡಿ ಎತ್ತೂದು. ಇದರ ಹೊಟ್ಟ್ಯಾಗ ಎಣ್ಣಿ ಒತ್ತಾಕ ಚಕ್ಕಳದ ಬಟ್ಟಲಾ ಇರತೈತಿ. ಸಂಸ್ಥಾನದ ಮೋಟಾರ್ ಖಾನೇಕ ನಾನ ಎಷ್ಟೋ ಮಾಡಿ ಕೊಟ್ಟೇನಿ." ಆಮೇಲೆ ಮೂಸಿ ನೋಡಿದ. "ಕುಸುಬಿ ಎಣ್ಣಿ ಯಾರ್ ಹಾಕ್ಯಾರ್ರಿ?"

"ನಾನೇ" ಎಂದೆ.

"ಅಯ್ಯ ಶಿವನ! ನೀರ್ ಸೋರಬಾರ್ದಂತ ನಾವು ಚೀಲಕ್ಕ ಬಳಿಯೂದ ಅದನ್ನ. ಆರಿದ್ರ ಅಂಟ ಆಗತೈತಿ. ನೀವು ಇದರ ಗಂಟಲಕ್ಕ ಅಂಟ ಸುರುವೀರಿ!"

ನೀಲವ್ವನಿಗೆ ಕೇಳಿಸದಿರಲಿ ಎಂದುಕೊಂಡೆ. ಮುಚ್ಚದ ಬಾಗಿಲ ಹಿಂದೆ ನಿಂತು ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಉಳಿದ ಎಂಟು ದಿನ ಸಾಲೆ ಬಿಟ್ಟ ಮೇಲೆ ನಾನು ಯಲ್ಲಪ್ಪನ ಶಿಷ್ಯ. ಬಿಚ್ಚಿದೆವು, ಚಿಮಣಿ ಎಣ್ಣೆಯಲ್ಲಿ ತೊಳೆದೆವು, ಇಟ್ಟಿಗೆ ಪುಡಿಯಿಂದ ತಿಕ್ಕಿ ತಿಕ್ಕಿ ನನ್ನ ಅಂಗೈ ಸುಲಿಯಿತು. ಯಲ್ಲಪ್ಪ ಹಳೆಯ ಚೀಲದ ಒಳ್ಳೆಯ ಚರ್ಮ ಕೊಯ್ದು, ನೆನೆಸಿ, ನಮ್ಮ ಹಿತ್ತಾಳೆ ಬಟ್ಟಲಿನಲ್ಲೇ ಒತ್ತಿ ಒಣಗಿಸಿ, ಹೊಸ ಬಟ್ಟಲು ಕೂರಿಸಿದ. ಅದಕ್ಕೆ ಆರದ ಎಣ್ಣೆ ಬೇಕು, ಭೇದಿಗೆ ಕುಡಿಸುವ ಔಡಲ ಎಣ್ಣೆಯಾದರೆ ಆದೀತು ಎಂದ. ಯಾವುದನ್ನು ಕಂಡರೆ ಮಕ್ಕಳು ಮನೆ ಬಿಟ್ಟು ಓಡುತ್ತಿದ್ದವೋ ಆ ಬಾಟಲಿಯನ್ನು ನೀಲವ್ವ ತಂದಿಟ್ಟಳು. "ಕುಡಸ್ರಿ. ಇದನ್ನ ಕುಡಿದ್ರ ಎಂಥಾವ್ರೂ ಎದ್ದು ಓಡ್ತಾರ, ಇದೇನ್ ಮಹಾ!"

ಖಂಡೇಪೂಜೆಯ ಬೆಳಿಗ್ಗೆ ಜಾಕಿಗೆ ಅರಿಷಿಣ, ಕುಂಕುಮ, ಚೆಂಡುಹೂ ಏರಿದವು. ಅದನ್ನು ಹಲಗೆಯ ಮೇಲೆ ನಿಲ್ಲಿಸಿ, ತಟ್ಟೆಗೂ ತೊಲೆಗೂ ನಡುವೆ ಜಾಲಿಯ ಕಂಬ ಕೊಟ್ಟು, ಹಿಡಿಕೆ ಒತ್ತತೊಡಗಿದೆ. ಒಂದು, ಎರಡು, ಐದು... ಏನೂ ಇಲ್ಲ. ನೀಲವ್ವ ಎಮ್ಮೆಯ ಕಡೆ ನೋಡಿದಳು. ಎಂಟನೆಯದಕ್ಕೆ ತೊಲೆ ಕಿರ್ರ್ ಎಂದಿತು, ಮಾಳಿಗೆಯ ಮಣ್ಣು ನನ್ನ ಟೊಪ್ಪಿಗೆಯ ಮೇಲೆ ಉದುರಿತು, ಯಲ್ಲಪ್ಪ ಕುಸಿದಿದ್ದ ಹಳೆಯ ಕಂಬದ ಬುಡಕ್ಕೆ ಚಪ್ಪಟೆ ಕಲ್ಲು ನೂಕಿದ. ನಾನು ಓಡಿಹೋಗಿ ಬಾಗಿಲು ತಳ್ಳಿದೆ. ಟಪ್! ಅಬ್ಬಾ, ಎಂಥ ಸಪ್ಪಳ! ಆನೆ ಗೆದ್ದವನಿಗೂ ಅಷ್ಟು ಸಂತೋಷವಾಗಿರಲಿಕ್ಕಿಲ್ಲ. ನೀಲವ್ವ ನಾಲ್ಕು ಸಲ ತೆಗೆದು ಮುಚ್ಚಿ ನೋಡಿ, "ಛಲೋ ಆತು ಬಿಡ್ರಿ" ಎಂದಳು. ಲಗ್ನವಾದಂದಿನಿಂದ ನನಗೆ ಸಿಕ್ಕ ಮೊದಲ ಶಾಭಾಸಗಿರಿ ಅದು. ವಾರದೊಳಗೆ ರಬಕವಿ, ಚಿಮ್ಮಡದಿಂದೆಲ್ಲ ಜಾಕು ಕೇಳಲು ಜನ ಬಂದರು. ಹುಡುಗರ ನೋಟಬುಕ್ಕಿನಲ್ಲಿ ತೋಪಿನ ಪಾಠ ಹೊಡೆದುಹಾಕಿಸಿ, ಗೊತ್ತಿರಲಿಲ್ಲ ಎಂದೂ ಒಪ್ಪಿಕೊಂಡೆ. ಗೆದ್ದವನಿಗೆ ಒಪ್ಪಿಕೊಳ್ಳುವುದು ಸುಲಭ.

ಆದರೆ ಆ ಪೂಜೆಯ ದಿನವೇ ಮಧ್ಯಾಹ್ನ, ಹೋಳಿಗೆ ಉಂಡು ಎಲ್ಲರೂ ಅಡ್ಡಾದ ಮೇಲೆ, ನಾನು ದಿನದಂತೆ ಮೆಲ್ಲಗೆ ಅಡಿಗೆಮನೆಯತ್ತ ನಡೆದೆ. ನಾನೇ ಮೈಮುರಿದು ಸರಿಮಾಡಿದ ಬಾಗಿಲು ಭದ್ರವಾಗಿ ಮುಚ್ಚಿತ್ತು. ಮೇಲೊಂದು ಹೊಸ ಕೀಲಿ ಜಡಿದಿತ್ತು. ಹೊಸ್ತಿಲ ಹತ್ತಿರ, ತೊಲೆಯಿಂದ ಬಿಡಿಸಿಟ್ಟ ಜಾಕಿನ ಪಕ್ಕ, ಬೆಕ್ಕು ಕೂತಿತ್ತು. ಪಡಸಾಲೆಯಿಂದ ನೀಲವ್ವನ ದನಿ ಬಂತು:

"ಬೆಕ್ಕು ಹಾಲ್ ಕುಡೀತಿತ್ತು, ಖರೆ. ಆದ್ರ ಉಂಡಿ ತಿಂದು ಡಬ್ಬಿ ಮುಚ್ಚಳಾ ಮತ್ತ ಹಾಕಿ ಇಡೂ ಬೆಕ್ಕು ನಾ ಎಲ್ಲೂ ನೋಡಿಲ್ರೀ!"

ನಾನು ಮೆಲ್ಲಗೆ ಬೆಕ್ಕಿನ ಪಕ್ಕದಲ್ಲಿ ಜಾಕಿನ ಮೇಲೆ ಕೂತೆ.