ನಾನಿಲ್ಲದಾಗ ನಾನೇ ಮಾಡಿದ ಪಾಠ

ಕೊರೊನಾ ಬಂದು ಶಾಲೆಗೆ ಬೀಗ ಬಿದ್ದಾಗ ಎಲ್ಲರೂ ಕಂಗಾಲಾದರು. ನಾನು ಆಗಲಿಲ್ಲ. ಕೆಂಚಾರ್ಲಹಳ್ಳಿ ಕಡೆಯ ಸಣ್ಣ ಊರೊಂದರಲ್ಲಿ ನಾನು ಕನ್ನಡ ಮಿಸ್. ಫೋನಿತ್ತು, ಗಂಟಲಿತ್ತು, ಇನ್ನೇನು ಬೇಕು! ಚಿಂತಾಮಣಿಯ ನಮ್ಮ ಅಡುಗೆಮನೆಯಲ್ಲಿ ನಿಂತು ಪಾಠಗಳನ್ನೆಲ್ಲ ಓದಿ, ರೆಕಾರ್ಡ್ ಮಾಡಿ, ವಾಟ್ಸಾಪಿನಲ್ಲಿ ಕಳಿಸಿದೆ. ಮಕ್ಕಳು ಫೋನನ್ನು ಹುಳುಮನೆಯ ಗೂಟಕ್ಕೆ ನೇತುಹಾಕಿ, ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಾ, ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರಂತೆ.

"ಹುಳ ಪಾಸಾಗುತ್ತೋ, ಮಕ್ಕಳು ಪಾಸಾಗ್ತಾರೋ?" ಎಂದು ನಮ್ಮ ಯಜಮಾನರು ಛೇಡಿಸಿದರು.

"ಶಾಲೆ ತೆರೀಲಿ, ತೋರಿಸ್ತೀನಿ!"

ತೆರೆದ ದಿನ ಅವರ ಸ್ಕೂಟರಿನಲ್ಲೇ ಹೊರಟೆ. ಅವರೂ ಕಣ್ಣಾರೆ ನೋಡಲಿ ಎಂಬ ಜಂಬ! ದಾರಿಯುದ್ದಕ್ಕೂ ಮಂಜು, ಪಕ್ಕದ ಹಿಪ್ಪುನೇರಳೆ ತೋಟವೂ ಕಾಣುತ್ತಿರಲಿಲ್ಲ. ತಡವಾಯಿತು. ಶಾಲೆಯ ಅಂಗಳದಲ್ಲಿ ನರಪಿಳ್ಳೆಯಿಲ್ಲ. ತರಗತಿಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಪಾಠ ನಡೆಯುತ್ತಿತ್ತು.

ಪಾಠ ಮಾಡುತ್ತಿದ್ದವಳು ನಾನು!

ಅದೇ ರಾಗ, ಅದೇ ಎಳೆತ. ನನ್ನ ಮೈ ಜುಮ್ಮೆಂದಿತು.

"ಏನೇ ಇದು? ನೀನು ಇಲ್ಲೇ ಇದ್ದೀಯ ತಾನೆ?" ಯಜಮಾನರು ನನ್ನ ತೋಳು ಮುಟ್ಟಿ ನೋಡಿದರು.

"ಯಾರೋ ಫೋನ್ ಹಾಕಿರ್ತಾರೆ ಬಿಡ್ರೀ," ಎಂದೆ ಧೈರ್ಯವಾಗಿ. ಕಾಲು ಮಾತ್ರ ಮುಂದೆ ಹೋಗಲಿಲ್ಲ.

ಹೇಗೋ ಇಣುಕಿದೆ. ಫೋನಿರಲಿಲ್ಲ. ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡು, ಗೋಡೆ ನೋಡುತ್ತಾ, ಎಲ್ಲರೂ ಒಂದೇ ದನಿಯಲ್ಲಿ ಓದುತ್ತಿದ್ದರು. ನಾನು ಉಸಿರೆಳೆದ ಕಡೆ ಉಸಿರು, ಕೆಮ್ಮಿದ ಕಡೆ ಕೆಮ್ಮು. ಇದ್ದಕ್ಕಿದ್ದಂತೆ ಇಡೀ ತರಗತಿ ಕೂಗಿತು: "ಅಯ್ಯಯ್ಯೋ, ರೀ, ಹಾಲು ಉಕ್ತಿದೆ ನೋಡ್ರೀ!"

"ಬಂದೆ ಕಣೇ!" ಎನ್ನುತ್ತಾ ನಮ್ಮ ಯಜಮಾನರು ಒಳಗೆ ಓಡಿಯೇಬಿಟ್ಟರು.

ಅವರನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಆಗಲೇ ಮುಂದಿನ ಸಾಲಿನ ಭಾಗ್ಯಳ ಪುಸ್ತಕ ಕಣ್ಣಿಗೆ ಬಿತ್ತು. ತಲೆಕೆಳಗಾಗಿತ್ತು. ನಗು ಅಲ್ಲೇ ನಿಂತಿತು. ಪುಸ್ತಕ ಸರಿಮಾಡಿ ಒಂದಕ್ಷರದ ಮೇಲೆ ಬೆರಳಿಟ್ಟೆ.

"ಇದೇನಮ್ಮ, ಹೇಳು."

"ಶುರುವಿಂದ ಹೇಳ್ಲಾ ಮಿಸ್?"

"ಬೇಡಮ್ಮ, ಇದೊಂದೇ."

ಅವಳು ಅಕ್ಷರವನ್ನೇ ದಿಟ್ಟಿಸಿದಳು. ಕಿವಿಯನ್ನು ಪುಸ್ತಕದ ಹತ್ತಿರ ತಂದಳು. ಕಣ್ಣು ತುಂಬಿಕೊಂಡು ಮೆಲ್ಲಗೆ ಹೇಳಿದಳು: "ಇದು ಮಾತಾಡಲ್ಲ ಮಿಸ್."

ಉಳಿದವರ ಪುಸ್ತಕಗಳ ಮೇಲೂ ಬೆರಳಿಟ್ಟು ಕೇಳಿದೆ. ಮೂರನೇ ಕ್ಲಾಸಿಗೆ ಬಂದ ಮಕ್ಕಳಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಬೋರ್ಡಿನ ಮೇಲೆ ದೊಡ್ಡದಾಗಿ 'ಅ' ಬರೆದು, ತಿದ್ದಿ ತೋರಿಸಿ, ಅಭ್ಯಾಸಬಲದಿಂದ ಕೇಳಿದೆ: "ಅರ್ಥ ಆಯ್ತಾ ಮಕ್ಕಳೇ?"

ಎಲ್ಲರೂ ನನ್ನ ದನಿಯಲ್ಲೇ ಹೇಳಿದರು: "ಆಯ್ತು ಮಿಸ್! ಭೇಷ್, ಜಾಣರು ನೀವು!"

ಅಡುಗೆಮನೆಯಲ್ಲಿ ರೆಕಾರ್ಡ್ ಮಾಡುವಾಗ ಉತ್ತರ ಕೊಡುವವರು ಯಾರೂ ಇರಲಿಲ್ಲವಲ್ಲ, ಮಕ್ಕಳ ಪರವಾಗಿ ನಾನೇ ಕೊಟ್ಟುಕೊಂಡಿದ್ದೆ.

ಯಜಮಾನರು ಈ ಸಲ ಛೇಡಿಸಲಿಲ್ಲ. "ಹಾಗಾದ್ರೆ ಇಷ್ಟು ದಿನ ಪಾಸಾಗಿದ್ದು ಯಾರೇ?" ಎಂದರು.

"ನಾನೊಬ್ಬಳೇ ಕಣ್ರೀ," ಎಂದೆ.