ಅರವತ್ತು ಸಲ ಕೇಳಿದ ಮೇಲಿನ ಅಭಿಪ್ರಾಯ

ಕೋಲ್ಡ್ ಫರ್ನೆಸ್ ರಾಕ್ ತಂಡದ ಅಭಿಮಾನಿಗಳ ಸಂಘದ ಹದಿನಾಲ್ಕನೆಯ ನಿಯಮದಂತೆ, ತಂಡದ ಆಲ್ಬಂ ಚೆನ್ನಾಗಿಲ್ಲ ಎಂದು ಹೇಳುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗೂ ಇದೆ. ಹೇಳುವ ಮೊದಲು ಅದನ್ನು ನಿಗದಿತ ಸಂಖ್ಯೆಯಷ್ಟು ಸಲ ಪೂರ್ತಿ ಕೇಳಿರಬೇಕು, ಅಷ್ಟೆ. ಇಪ್ಪತ್ತೆರಡು ವರ್ಷಗಳಿಂದ ಕಾರ್ಯದರ್ಶಿಯಾಗಿರುವ ನಾನೇ ಈ ನಿಯಮ ಬರೆದವನು. ಮೊದಲು ಸಂಖ್ಯೆ ಇಪ್ಪತ್ತಿತ್ತು. ಇಪ್ಪತ್ತು ಸಲ ಕೇಳಿದವರೂ ಚೆನ್ನಾಗಿಲ್ಲ ಎಂದೇ ಹೇಳತೊಡಗಿದ್ದರಿಂದ, ಅಷ್ಟು ಸಾಲದೆಂಬುದು ಸಾಬೀತಾಗಿ, ಕಳೆದ ಡಿಸೆಂಬರಿನಲ್ಲಿ ನಲವತ್ತು ಮಾಡಿದೆವು.

ಇದಕ್ಕೆ ಕಾರಣವಾದ ಆಲ್ಬಮ್ಮಿನ ಹೆಸರು 'ಮರುಜ್ವಾಲೆ'. ಮೂವತ್ತೊಂದು ವರ್ಷ ಒಬ್ಬರ ಮುಖ ಒಬ್ಬರು ನೋಡದಿದ್ದ ನಾಲ್ವರು ಮತ್ತೆ ಒಂದಾಗಿ ಮಾಡಿದ್ದು. ಒಂದಾಗಿ ಎಂಬುದು ರೆಕಾರ್ಡ್ ಕಂಪನಿಯ ಮಾತು. ಡ್ರಮ್ಮರ್ ಸ್ಪೇನಿನಿಂದ ಬಾರಿಸಿ ಕಳಿಸಿದ, ಬೇಸ್ ನುಡಿಸುವವನು ತನ್ನ ಗ್ಯಾರೇಜಿನಿಂದ. ಕ್ರಿಸ್‌ಮಸ್ ವ್ಯಾಪಾರ ಕೈತಪ್ಪಬಾರದೆಂದು ಕಂಪನಿಯವರು ನಾಲ್ಕು ದಿನದಲ್ಲಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಡಿಸಿದರು. ಒಂಬತ್ತು ನಿಮಿಷದ ಆರನೆಯ ಹಾಡಿನಲ್ಲಿ ನಾಲ್ಕು ನಿಮಿಷ ಬರೀ ಗಾಳಿಯ ಸದ್ದಿದೆ. 'ಕೇಳುತ್ತಾ ಕೇಳುತ್ತಾ ಹಿಡಿಸುವಂಥ ಆಲ್ಬಂ' ಎಂದು ಸಂಘ ಪ್ರಕಟಣೆ ಹೊರಡಿಸಿತು. ಆಲ್ಬಂ ನಮ್ಮ ಕೈಸೇರುವ ಎರಡು ವಾರ ಮೊದಲೇ ಅದು ಅಚ್ಚಾಗಿತ್ತು, ನಾವು ಯಾವುದನ್ನೂ ಕೊನೆಗಳಿಗೆಗೆ ಬಿಡುವವರಲ್ಲ.

ಜನವರಿಯ ಸಭೆಗೆ, ಇಂಗ್ಲೆಂಡಿನ ವಾಲ್ಸಾಲ್‌ನಲ್ಲಿ ನಾವು ಸೇರುವ ಪಬ್ಬಿನ ಮಹಡಿಗೆ, ತಂಡದ ಗಾಯಕ ರಾಯ್‌ಸ್ಟನ್ ಪ್ಯೂ ಅವರೇ ಮೆಟ್ಟಿಲು ಹತ್ತಿ ಬಂದರು. ಎಪ್ಪತ್ತಮೂರು ವರ್ಷ, ಮಂಡಿನೋವು. ಕೂತು ಉಸಿರು ಸುಧಾರಿಸಿಕೊಂಡು, "ಆಲ್ಬಂ ದರಿದ್ರವಾಗಿದೆ ಕಣ್ರಪ್ಪಾ. ಹಾಡಿದೋನು ನಾನೇ, ನಂಗೊತ್ತಲ್ಲ," ಎಂದರು. ಕಂಪನಿಯ ಕರಾರಿನಲ್ಲಿ ಒಂದು ಷರತ್ತಿದೆಯಂತೆ. ಅಭಿಮಾನಿಗಳ ಸಂಘ ಅತೃಪ್ತಿಯನ್ನು ಲಿಖಿತವಾಗಿ ತಿಳಿಸಿದರೆ, ನಾಲ್ವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಇನ್ನೊಮ್ಮೆ ಧ್ವನಿಮುದ್ರಣ ಮಾಡಿಕೊಡಬೇಕು.

"ಲೆನ್ ಬೆರಳು ಸೆಟೆದುಕೊಳ್ತಾ ಇವೆ," ಎಂದರು. ಲೆನ್ ಗಾರ್ಬೆಟ್ ಎಂದರೆ ತಂಡದ ಗಿಟಾರ್ ವಾದಕ. "ಚಳಿಗಾಲ ಕಳೆಯೋವರೆಗೆ ಆಡಬಹುದು, ಆಮೇಲೆ ಆಗಲ್ಲ ಅಂದಿದಾರೆ ಡಾಕ್ಟ್ರು. ಒಂದು ಪತ್ರ ಬರೆದುಕೊಡಿ. ಅವನ ಕೈಲಿ ಒಂದೇ ಒಂದು ಒಳ್ಳೇ ಹಾಡು ನುಡಿಸಿಬಿಡ್ತೀನಿ."

ಅಧ್ಯಕ್ಷೆ ಬೆರಿಲ್ ಟ್ರಾಂಟರ್ ಕಣ್ಣೊರೆಸಿಕೊಂಡರು. ಹದಿನಾರರ ವಯಸ್ಸಿನಿಂದ ಲೆನ್ ಎಂದರೆ ಅವರಿಗೆ ಪ್ರಾಣ. ಕಣ್ಣೊರೆಸಿಕೊಂಡ ಮೇಲೆ, ಆಲ್ಬಂ ಎಷ್ಟು ಸಲ ಕೇಳಿದ್ದೀರಿ ಎಂದು ವಿಚಾರಿಸಿದರು.

"ಒಂದೂವರೆ."

ಅವರ ಪರವಾಗಿ ನನಗೇ ನಾಚಿಕೆಯಾಯಿತು. ಹಾಡಿದ್ದನ್ನು ಕೇಳಿದ್ದೆಂದು ಪರಿಗಣಿಸಲು ಬರುವುದಿಲ್ಲ ಎಂದು ವಿವರಿಸಿದೆ. ಅವರು ಸಂಘದ ಸದಸ್ಯರೂ ಅಲ್ಲ ಎಂಬುದು ಆಗ ಗಮನಕ್ಕೆ ಬಂತು. ಅಲ್ಲೇ ಅರ್ಜಿ ತುಂಬಿಸಿ, 4112ನೆಯ ಸಂಖ್ಯೆ ಕೊಟ್ಟು, ತಂಡದ ಬಗ್ಗೆ ನಿಮಗೆ ಆಸಕ್ತಿ ಹುಟ್ಟಿದ್ದು ಹೇಗೆ ಎಂಬ ಅಂಕಣವನ್ನೂ ಬರೆಸಿಕೊಂಡೆವು. ನಾವು ನಿರ್ದಯಿಗಳಲ್ಲ. ಹೊಸ ಸದಸ್ಯರು ಕಾಯಬೇಕಾದ ಆರು ವಾರಗಳನ್ನು ಅವರಿಗೆ ನಾಲ್ಕಕ್ಕೆ ಇಳಿಸಿದೆವು.

ಫೆಬ್ರವರಿಯಲ್ಲಿ ಅವರ ಮನೆಯಲ್ಲೇ ಆಲಿಕೆ ಶುರುವಾಯಿತು. ಸಾಕ್ಷಿಯಾಗಿ ನಾನು ಹೋಗುತ್ತಿದ್ದೆ. ದಿನಕ್ಕೆ ಎರಡಕ್ಕಿಂತ ಹೆಚ್ಚು ಸಲ ಕೇಳುವಂತಿಲ್ಲ, ಆಕಳಿಸಬಹುದು, ಎದ್ದು ಹೋಗುವಂತಿಲ್ಲ. ಅವರ ಹೆಂಡತಿ ಒಂದು ವಾರ ತಡೆದುಕೊಂಡು ಟೆಲ್‌ಫೋರ್ಡಿನ ತಂಗಿಯ ಮನೆಗೆ ಹೊರಟುಹೋದರು. ಹದಿನೇಳನೆಯ ಸಲ ಆರನೆಯ ಹಾಡಿನ ನಡುವೆ ರಾಯ್‌ಸ್ಟನ್ ಟೀ ಮಾಡಲು ಎದ್ದದ್ದರಿಂದ ಆ ಸಲವನ್ನು ರದ್ದುಪಡಿಸಬೇಕಾಯಿತು.

"ಗಾಳಿ ಬಿಟ್ರೆ ಏನಿದೆಯಪ್ಪಾ ಅದ್ರಲ್ಲಿ?" ಎಂದರು.

ಗಾಳಿಯೂ ಆಲ್ಬಮ್ಮಿನ ಭಾಗವೇ ಎಂದೆ.

"ಅಲ್ಲಿ ಲೆನ್ ನುಡಿಸ್ಬೇಕಿತ್ತು. ಆವತ್ತು ಅವನ ಕೈ ನೋಯ್ತಿತ್ತು. ಮಾರನೇ ದಿನ ನುಡಿಸ್ತೀನಿ ಅಂದ, ಅವ್ರು ಕಾಯ್ಲಿಲ್ಲ, ಗಾಳಿ ತುಂಬಿದ್ರು."

ನನಗೆ ತುಂಬಾ ಸಂಕಟವಾಯಿತು, ಸುಳ್ಳು ಹೇಳಲಾರೆ. ಟೀ ನಾನೇ ಮಾಡಿಕೊಟ್ಟೆ. ಹದಿನೇಳನೆಯ ಸಲವನ್ನು ಮೊದಲಿನಿಂದ ಹಾಕಿದೆ.

ಮಾರ್ಚ್ ಮಧ್ಯದಲ್ಲಿ ಅವರದು ನಲವತ್ತಾಯಿತು. ಅದೇ ವಾರ ನಮ್ಮ ವಾರ್ಷಿಕ ಸಭೆ ಇತ್ತು. ಗಾಯಕರೇ ನಲವತ್ತು ಸಲ ಕೇಳಿಯೂ ಮನಸ್ಸು ಬದಲಿಸಿಲ್ಲವೆಂದರೆ ಸಾಮಾನ್ಯ ಸದಸ್ಯರ ಗತಿಯೇನು ಎಂದು ಬೆರಿಲ್ ಕೇಳಿದ್ದು ಎಲ್ಲರಿಗೂ ಸರಿಯೆನಿಸಿ, ಸಂಖ್ಯೆಯನ್ನು ಅರವತ್ತಕ್ಕೆ ಏರಿಸಲಾಯಿತು. ರಾಯ್‌ಸ್ಟನ್ನರನ್ನೂ ನನ್ನನ್ನೂ ಬಿಟ್ಟರೆ, ಅಂದು ಹಾಜರಿದ್ದ ಐವತ್ತು ಮಂದಿಯಲ್ಲಿ ಆಲ್ಬಮ್ಮನ್ನು ಎರಡನೇ ಸಲ ಕೇಳಿದವರು ಮೂವರು. ಆ ಮೂವರಲ್ಲಿ ಒಬ್ಬರಿಗೆ ಕಿವಿ ಮಂದ.

ಏಪ್ರಿಲ್ ಕೊನೆಯಲ್ಲಿ ಸಂಘ ನಡೆಸಿದ ವಿಚಾರಣೆಗೆ ರಾಯ್‌ಸ್ಟನ್ ಲೆನ್ನರನ್ನೂ ಕರೆದುಕೊಂಡು ಬಂದರು. ಲೆನ್ ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ಕೂತರು. ಅರವತ್ತು ಸಲ ಕೇಳಿದ ಸದಸ್ಯ 4112 ತಮ್ಮ ಅಭಿಪ್ರಾಯ ಮಂಡಿಸಬೇಕೆಂದು ಬೆರಿಲ್ ಘೋಷಿಸಿದರು.

"ನಾಲ್ಕನೇ ಹಾಡಲ್ಲಿ ಒಂದು ತುಣುಕು ಪರವಾಗಿಲ್ಲ ಅನ್ನಿಸ್ತಿದೆ," ಎಂದರು ರಾಯ್‌ಸ್ಟನ್. ಸಭೆಯಲ್ಲಿ ಚಪ್ಪಾಳೆ ಬಿತ್ತು. "ಅದೊಂದು ಬಿಟ್ರೆ ಮಿಕ್ಕಿದ್ದೆಲ್ಲ ದರಿದ್ರವೇ. ಪತ್ರ ಕೊಡಿ."

ಪತ್ರ ನನ್ನ ಕಡತದಲ್ಲಿ ಸಿದ್ಧವಿತ್ತು. ನಿಯಮ ನಿಯಮವೇ, ಕೊಡಲೇಬೇಕಿತ್ತು. ಆದರೆ ಲೆನ್ ಗೆಳೆಯನ ತೋಳಿಗೆ ಭುಜ ತಾಗಿಸಿದರು.

"ಬೇಡ ಬಿಡೋ, ರಾಯ್. ನಿನ್ನೆ ನಾನೂ ಹಾಕ್ಕೊಂಡು ಕೇಳಿದೆ. ಚೆನ್ನಾಗೇ ಇದೆ."

"ಏನೋ ಚೆನ್ನಾಗಿರೋದು?"

"ಈಗ ಅಷ್ಟೂ ನುಡಿಸೋಕಾಗಲ್ಲ ಕಣೋ ನಂಗೆ. ಹಾಗೆ ನೋಡಿದ್ರೆ, ಚೆನ್ನಾಗೇ ಇದೆ."

ರಾಯ್‌ಸ್ಟನ್ ಗೆಳೆಯನ ಜೇಬುಗಳನ್ನು ನೋಡಿದರು. ಆಮೇಲೆ ನನ್ನ ಕಡೆಗೆ ಕೈಚಾಚಿ, ಪೆನ್ನು ತೆಗೆದುಕೊಂಡು, ಅಭಿಪ್ರಾಯದ ಅಂಕಣದಲ್ಲಿ 'ಹಿಡಿಸಿತು' ಎಂದು ಬರೆದು ಸಹಿ ಹಾಕಿದರು. ಕೇಳುತ್ತಾ ಕೇಳುತ್ತಾ ಹಿಡಿಸುವಂಥ ಆಲ್ಬಂ ಎಂಬ ಪ್ರಕಟಣೆಯನ್ನು ಸಭೆ ಅವಿರೋಧವಾಗಿ ಸ್ಥಿರೀಕರಿಸಿತು. ಲೆನ್ ಅವರಿಗೆ ಪೆನ್ನು ಹಿಡಿಯಲು ಆಗದ್ದರಿಂದ, ಒಂಬತ್ತನೆಯ ನಿಯಮದ ಮೇರೆಗೆ ಪ್ರಕಟಣೆಯ ಕೆಳಗೆ ಅವರ ಪರವಾಗಿ ನಾನೇ ಸಹಿ ಮಾಡಿದೆ. ಸರಿಯಾಗಿದೆಯೇ ಎಂದು ತೋರಿಸಿದಾಗ ಅವರು ಹೌದೆಂದು ತಲೆಯಾಡಿಸಿದರು.